ಬಾಲದ ಬುಡ

ಕೊರಿಯಾದ ಗಂಗ್‌ಹ್ವಾ ದ್ವೀಪ, ತೆಂಕಣ ಅಂಚು. ಇಳಿತ.
ಕಡಲು ಎದ್ದುಹೋದ ಮೇಲೆ ಉಳಿದದ್ದು ಬರೀ ಕೆಸರು,
ಬೂದಿ ಬಣ್ಣದ್ದು, ಹೊಳೆಯುವಂಥದ್ದು,
ಎಲ್ಲಿ ಮುಗಿದು ಆಕಾಶ ಸುರುವಾಯಿತೋ ತಿಳಿಯದು.
ನಡುವೆ ಒಂದು ಹಕ್ಕಿ.
ಒಂದೇ.

ಟೆಲಿಸ್ಕೋಪಿನ ಮೂರು ಕಾಲೂ ಹೂತಿವೆ, ನನ್ನವು ಎರಡೂ.
ಎಣಿಕೆಯ ಪುಸ್ತಕದಲ್ಲಿ ಬರೆದಾಯಿತು: ಏಪ್ರಿಲ್ ಹದಿನೇಳು,
ವಾಯವ್ಯದ ಗಾಳಿ, ಚಳಿ ಇನ್ನೂ ಬಿಟ್ಟಿಲ್ಲ.
ಕೊಕ್ಕು ಉದ್ದ, ತೀರಾ ಉದ್ದ,
ಗೋಣಿ ಹೊಲಿದು ಹೊಲಿದು ಬಾಗಿಹೋದ ದಬ್ಬಳ.
ಇಷ್ಟುದ್ದವೆಂದರೆ ಹೆಣ್ಣೇ ಇರಬೇಕು.
ಮೈ ಒದ್ದೆ ಸೆಣಬಿನ ಬಣ್ಣ, ಅದರ ತುಂಬ
ಯಾರೋ ಪೆನ್ನು ಕೊಡವಿದ ಹಾಗೆ ಗೀಟು.

ಇಲ್ಲಿಗೆ ಎರಡು ಬಗೆ ಬರುತ್ತವೆ, ಅಕ್ಕತಂಗಿಯರಂತೆ.
ಒಂದು ಮಾದೋಯೋ. ಇನ್ನೊಂದು ಅಲ್ಲಾಕ್ಕೋರಿ ಮಾದೋಯೋ,
ಎಂದರೆ ಚುಕ್ಕೆಬಾಲದ್ದು.
ಮೊದಲನೆಯದಕ್ಕೆ ಬಾಲದ ಬುಡ ಬಿಳಿ, ಎರಡನೆಯದಕ್ಕೆ ಕಂದು.
ಹೊಟ್ಟೆ ನೋಡಿಯೂ ಹೇಳಬಹುದು ಅನ್ನುತ್ತಾರೆ ಬಲ್ಲವರು;
ಇದು ಎದೆಯವರೆಗೂ ಕೆಸರು ಮೆತ್ತಿಕೊಂಡಿದೆ.
ಬುಡವೋ, ರೆಕ್ಕೆ ಮಡಿಚಿದರೆ ಕಾಣುವುದಿಲ್ಲ.
ಹಾರಬೇಕು.
ಒಂದು ಚಪ್ಪಾಳೆ ಸಾಕು. ಕೈ ಎತ್ತಿದೆ.

"ಉಣ್ಣೋಕೆ ಕೂತವರನ್ನ ಎಬ್ಬಿಸ್ತೀಯಾ?"
ಹಿಂದಿನಿಂದ ಪ್ಯೋ ಒಕ್‌ಬುನ್, ಎಪ್ಪತ್ತಾರು ವರ್ಷ,
ಸೊಂಟದ ಹಗ್ಗಕ್ಕೆ ಕಟ್ಟಿದ ಕೆಂಪು ಪ್ಲಾಸ್ಟಿಕ್ ಬೋಗುಣಿ,
ಅದರಲ್ಲಿ ಅರ್ಧ ಚಿಪ್ಪು, ಅರ್ಧ ಮಣ್ಣು.
ಅವಳಿಗೆ ಬಿಳಿ ಬುಡ, ಕಂದು ಬುಡ ಬೇಕಿಲ್ಲ.
ಅವಳಿಗೆ ಈ ಹಕ್ಕಿ ಗೊತ್ತಿರುವುದು ಏಡಿಯ ಕಡೆಯಿಂದ:
"ತೂತಿಗೆ ಕೊಕ್ಕು ಇಟ್ಟು ಕಣ್ಣಿನ ತನಕ ಇಳಿಯುತ್ತೆ ನೋಡು.
ಎಳೆಯುತ್ತೆ. ಒದರುತ್ತೆ. ಕಾಲು ಒಂದೊಂದೇ ಉದುರುತ್ತೆ.
ಆಮೇಲೆ ಬರೀ ಒಡಲು, ಗುಳುಕ್.
ಕಾಲನ್ನ ನಾವು ಸೋಯಾದಲ್ಲಿ ನೆನೆಸಿ ಚೀಪ್ತೀವಿ.
ಪಾಪ, ಅದಕ್ಕೆ ರುಚಿ ತಿಳಿಯದು."

ಕೈ ಇಳಿಸಿ ನೋಡಿದೆ. ಹಾಗೆಯೇ ಆಯಿತು, ಗುಳುಕ್ ಸಹಿತ.
ಒದರುವ ಭರಕ್ಕೆ ಹಕ್ಕಿ ಒಂದು ಹೆಜ್ಜೆ ಹಿಂದೆ ಸರಿದಾಗ
ತೊಡೆಯಲ್ಲಿ ಹಸಿರು ಪಟ್ಟಿ.
ಮೂರು ಅಕ್ಷರ. ಮೊದಲನೆಯದು ಕೆ.
ಎರಡನೆಯದು ಓ, ಇಲ್ಲವೇ ಸೊನ್ನೆ. ಮೂರನೆಯದರ ಮೇಲೆ ಮಣ್ಣು.
ಹಸಿರೆಂದರೆ ಕ್ವೀನ್ಸ್‌ಲ್ಯಾಂಡ್. ಅಲ್ಲಿ ಯಾರದೋ ಕೈ
ಇದನ್ನು ಬಲೆಯಿಂದ ಬಿಡಿಸಿ, ತೂಗಿ, ಕೊಕ್ಕು ಅಳೆದು,
ಎದೆಬಡಿತ ಅಂಗೈಗೆ ತಾಗಿಸಿಕೊಂಡು, ಬಿಟ್ಟಿದೆ.
ಆ ತೀರಕ್ಕೆ ಹೋಗುವುದು ಚುಕ್ಕೆಬಾಲದ್ದೇ,
ನೂರಕ್ಕೆ ತೊಂಬತ್ತೊಂಬತ್ತು.
ಉಳಿದ ಆ ಒಂದು ನನ್ನ ರೋಗ.

ನನ್ನ ಭಾಷೆಯಲ್ಲಿ ಈ ಕುಲಕ್ಕೆ ಗೊರವ ಅನ್ನುತ್ತೇವೆ ಅಜ್ಜಿ,
ಊರೂರು ತಿರಿದುಣ್ಣುವವನ ಹೆಸರೂ ಅದೇ.
ಒಕ್‌ಬುನ್ ನಕ್ಕಳು. ಮೇಲೆ ಎರಡೇ ಹಲ್ಲು.
"ತಿರಿಯೋಕೆ ಮನೆ ಇರಬೇಕಲ್ಲ."
ಗಲ್ಲದಿಂದಲೇ ಒಡ್ಡಿನ ಕಡೆ ತೋರಿದಳು:
"ಅದರಾಚೆ ನಮ್ಮತ್ತೆಯ ಕೆಸರಿತ್ತು. ಹದಿನಾಲ್ಕು ಜನ ಬಗ್ಗುತ್ತಿದ್ದೆವು.
ಈಗ ಗಾಲ್ಫ್ ಆಡ್ತಾರೆ."
ಮತ್ತೇನೂ ಹೇಳಲಿಲ್ಲ. ಬಗ್ಗಿ ಒಂದು ಚಿಪ್ಪು ತೆಗೆದಳು,
ಸಣ್ಣದು ಅಂತ ಮತ್ತೆ ಅದ್ದಿ ಹೂತಳು.

ಭರತ ಇಲ್ಲಿ ಮುನ್ನುಗ್ಗುವುದಿಲ್ಲ,
ಬೆನ್ನ ಹಿಂದಿನ ಕಾಲುವೆಯಲ್ಲಿ ಸುಮ್ಮನೆ ತುಂಬಿರುತ್ತದೆ.
ನಡೆ ನಡೆ ಅಂದಳು. ಬೋಗುಣಿ ಕಚ್ಚಿಕೊಂಡಿತು.
ಹಗ್ಗ ನನ್ನ ಹೆಗಲಿಗೆ, ಟೆಲಿಸ್ಕೋಪು ಅವಳ ಹೆಗಲಿಗೆ,
ಮೊಣಕಾಲಿನವರೆಗೆ ಎಳೆಯುವ ಮಣ್ಣು,
ಆಗ ಕೇಳಿತು:
ಕೂರ್‌ಲೀ,
ಹತ್ತಿ ಹೋಗುತ್ತಾ ಒಡೆದ ಒಂದು ದನಿ.

ತಿರುಗುವಷ್ಟರಲ್ಲಿ ಅದು ನೇರ ಸೂರ್ಯನೊಳಗಿತ್ತು.
ಬೆನ್ನು ಕಪ್ಪು, ರೆಕ್ಕೆ ಕಪ್ಪು, ಬುಡ ಕಪ್ಪು.
ಬಣ್ಣ ನೋಡಿದಿರಾ ಅಜ್ಜಿ?
"ನಾನು ಹಗ್ಗ ನೋಡ್ತಿದ್ದೆ."

ದಂಡೆಯ ಮೇಲೆ ಕೂತು, ಒದ್ದೆ ಹಾಳೆಯಲ್ಲಿ,
ಬಗೆಯ ಕಾಲಮ್ಮು ಖಾಲಿ ಬಿಟ್ಟು ಬರೆದೆ:
ಗೊರವ ಒಂದು. ಹೆಣ್ಣು. ಕಾಲಲ್ಲಿ ಹಸಿರು.
ಎರಡು ತಾಸಿನಲ್ಲಿ ತಿಂದ ಏಡಿ ಆರು.

ಓದಿ ಹೇಳು ಅಂದಳು. ಓದಿದೆ.
ಬೂಟಿನಿಂದ ನೀರು ಸುರಿಯುತ್ತಾ ತಿದ್ದಿದಳು:
"ಆರಲ್ಲ. ಏಳು."