ಅಡಗು

ಲೋಟದಲ್ಲಿ ಬಿಳಿ, ಪರದೆಯಲ್ಲಿ ಕರಿ:
ಬೇರಿಯಮ್ ಹಾಗೇ.
"ಸುಣ್ಣ" ಎಂದು ಮುಖ ಕಿವುಚಿದರು ಸಾಲ್ವದೊರ್ ಕ್ವಾಡ್ರಸ್,
ಹೆಬ್ಬೆರಳಿಂದ ಕೊರಳ ತೂತು ಮುಚ್ಚಿ.

ಮನಾಮದ ಆಸ್ಪತ್ರೆ, ನೆಲಮಾಳಿಗೆಯ ಮೂರನೇ ಕೋಣೆ.
ಹೊರಗೆ ನಲವತ್ತಾರು ಡಿಗ್ರಿ. ಒಳಗೆ
ಯಂತ್ರ ಬೆವರಬಾರದೆಂದು ನಮಗೆ ನಡುಕ.
ಸೀಸದ ಅಂಗಿ ತೊಟ್ಟು ಪೆಡಲ್ ಒತ್ತಿದೆ.

ಧ್ವನಿಪೆಟ್ಟಿಗೆ ಇದ್ದ ಜಾಗ ಈಗ ಬಯಲು.
ಕತ್ತಿನ ಐದನೇ ಮಣಿಯ ಎದುರು, ಅನ್ನನಾಳದ ಬಾಯಲ್ಲಿ
ಒಂದು ಮಾಂಸದ ಮಡಿಕೆ.
ನುಂಗುವುದಷ್ಟೇ ಗೊತ್ತಿದ್ದದ್ದು,
ಕೆಳಗಿಂದ ಗಾಳಿ ಬಂದರೆ ಅದುರುತ್ತದೆ
ಕೋಣನ ತುಟಿಯ ಹಾಗೆ.

ಬೈರೂತಿನ ರೀಮಾ, ಮಾತು ಕಲಿಸುವವಳು,
"ನಿಮ್ಮ ಭಾಷೆಯಲ್ಲೇ ಆಡಿಸು" ಎಂದಳು.
ಅವರ ಕೊಂಕಣಿ ನನಗೆ ಬಾರದು;
ನಮ್ಮಿಬ್ಬರ ನಡುವೆ ಇದ್ದದ್ದು ಕನ್ನಡ.

"ನನ್ನ ಎಸರು ಸಾಲ್ವದೊರ್.
ಮೂವತ್ತೊಂದು ವರ್ಷ ಡ್ರೈಡಾಕಿನಲ್ಲಿ
ಅಡಗಿಗೆ ಬಣ್ಣ ಒಡೆಸಿದೆ."

ಎಸರು ಕುದಿಯಿತು ಕಿವಿಯಲ್ಲಿ,
ಅಕ್ಕಿ ಬೀಳುವ ಮೊದಲಿನ ಸದ್ದು.
ಅಡಗಿದ್ದು ಯಾರು, ಒಡೆದದ್ದು ಏನು?
ತಡವಾಗಿ ಹೊಳೆಯಿತು: ಹ ಅಂದರೆ ಬರಿ ಉಸಿರು,
ಅವರ ಉಸಿರು ಈಗ
ಒಂದು ಸ್ಟಾಪ್ ಮೊದಲೇ ಇಳಿದುಬಿಡುತ್ತದೆ,
ಅಂಗಿಯ ಮೇಲುಗುಂಡಿಯ ಹತ್ತಿರ.
ಬಳಸುದಾರಿಯಲ್ಲಿ ಬಂದದ್ದು
ಅದುರದೆ ಹೊರಬೀಳದು.

ಹೆಂಡತಿಯ ಹೆಸರು ಕೇಳಿದೆ, ಪಟ್ಟಿಯಲ್ಲಿತ್ತು.
"ಇಲ್ಡಾ."
ಆಮೇಲೆ ಭುಜ ಕುಲುಕಿಸಿ, ಸದ್ದಿಲ್ಲದೆ ನಕ್ಕು,
"ನಮ್ಮ ಪಾದ್ರಿಯೂ ಅಂಗೇ ಕರೀತಿದ್ದರು."

ಎಷ್ಟು ಅರ್ಥವಾಯಿತು, ಐದಕ್ಕೆ?
ರೀಮಾ ಪೆನ್ನು ಕೊಟ್ಟಳು. ಈ ಮಹಡಿಯಲ್ಲಿ
ಕನ್ನಡಕ್ಕೆ ನನ್ನದೊಂದೇ ಕಿವಿ.
ನಾಲ್ಕು ಬರೆದೆ.
ಒಂದನ್ನು ಹಕಾರಕ್ಕೆ ಕಳೆದೆ.

ಈ ಚಿತ್ರಕ್ಕೆ ಸದ್ದಿಲ್ಲ. ಸಂಜೆ ಮತ್ತೆ ಓಡಿಸಿದರೆ
ಕರಿನೀರಿನ ಅಂಚಲ್ಲಿ ಆ ಮಡಿಕೆ
ಕೂಡಿತು, ಬಿಟ್ಟಿತು, ಕೂಡಿತು.
ಯಾವುದು ಎಸರು, ಯಾವುದು ಇಲ್ಡಾ,
ಕೇಳಿದ ನನಗೂ ಗುರುತು ಸಿಗಲಿಲ್ಲ.

ಅಜ್ಜಿ ನೆನಪಾದಳು, ಕೊಳ್ಳೇಗಾಲದ ಕಡೆಯವಳು.
ಕಂಚಿನ ಗಂಟಲು. ಸಾಯುವ ತನಕ
ಆಲು, ಆವು, ಅಸು, ಅಟ್ಟಿ.
ಅದನ್ನೇ ಶಾಲೆಗೆ ಹೊತ್ತು ಹೋದವಳಿಗೆ
ಸರಸಮ್ಮ ಟೀಚರು ಅಡಿಕೋಲಲ್ಲಿ
ಹ ಕಲಿಸಿದ್ದರು, ಅಂಗೈ ಮೇಲೆ.
ಉರಿಗೆಂದು ಅಂಗೈ ಬಾಯಿಗೊಡ್ಡಿ
ಬಿಟ್ಟ ಗಾಳಿಯೇ
ನನ್ನ ಮೊದಲ ಹ.

ನಾಲ್ಕಕ್ಕೆ ಅಡ್ಡಗೆರೆ ಎಳೆದೆ. ಐದು. ಪಕ್ಕದಲ್ಲಿ ಸಹಿ.
ತಿದ್ದಿದ್ದು ಯಾಕೆ, ರೀಮಾ ಕೇಳಿದಳು.
"ನಮ್ಮ ಕಡೆ ಅಂಗೇಯ" ಅಂದೆ.
ಅವಳಿಗೆ ತಿಳಿಯಲಿಲ್ಲ.

ಲೋಟದ ತಳದಲ್ಲಿ ಸುಣ್ಣ ಗಟ್ಟಿಯಾಗುತ್ತಿತ್ತು,
ತೊಳೆಯಲು ಎದ್ದೆ.