ಮೂವತ್ತೊಂದನೇ ಸಂಚಿಕೆಯ ಕೊನೆಯ ಹಾಳೆ

ಗೋಪಿ ಸರ್ಕಲ್ಲಿನಲ್ಲೇ ಸಿಕ್ಕಿತು ಸುಳಿವು:
ಸಿಟಿ ಬಸ್ಸಿನ ಕಿಟಕಿಯಿಂದ ಒಂದು ಬಾಲ,
ಹಸಿರು, ಥರ್ಮಾಕೋಲಿನದು, ಹೊರಗೆ ತೂಗುತ್ತಿತ್ತು.
"ಬಾಲ ಒಳಗ್ ತಗೊಳ್ರೀ," ಕಂಡಕ್ಟರ್ ಕೂಗಿದ,
"ಲಾರಿಗೆ ತಾಗಿದ್ರೆ ನಾ ಜವಾಬ್ದಾರಿ ಅಲ್ಲ."
ಸ್ಕೂಟರ್ ನಿಲ್ಲಿಸಿ, ಲೆನ್ಸಿನ ಮುಚ್ಚಳ ಹಲ್ಲಲ್ಲಿ ಕಚ್ಚಿ
ಮೊದಲ ಪಟ ಹೊಡೆದೆ.
ಬಸ್ಸು ಹೋಗಿತ್ತು. ಬಾಲದ ತುದಿ ಬಂತು.

ಮದುವೆ ಫೋಟೊ ನನ್ನ ಅನ್ನ.
ಹತ್ತೊಂಬತ್ತು ವರ್ಷ ಧಾರೆಯ ನೀರು, ಹಾರುವ ಅಕ್ಷತೆ,
ಬೀಗರ ಮುಖದ ಗಂಟು ಹಿಡಿದವನು.
ಇವತ್ತು ಯಾರೂ ಕರೆದಿಲ್ಲ, ಮುಂಗಡ ಕೊಟ್ಟಿಲ್ಲ.
ನೂರೈವತ್ತರ ಟಿಕೆಟ್ಟು ನಾನೇ ಕೊಂಡು
ಒಳಾಂಗಣ ಕ್ರೀಡಾಂಗಣದ ಬಾಗಿಲಲ್ಲಿ
ಕೈಗೆ ಕಾಗದದ ಪಟ್ಟಿ ಕಟ್ಟಿಸಿಕೊಂಡೆ,
ಕಂಕಣದ ಹಾಗೆ.

ಒಳಗೆ ಎಂಟು ಸಾವಿರ ಜನ ಅಂತ ಮೈಕಿನವನು. ಐದಿರಬಹುದು.
ಷಟಲ್ ಕೋರ್ಟಿನ ಗೆರೆಗಳ ಮೇಲೆ ಮಳಿಗೆ,
ಹಳೇ ಕಾಮಿಕ್ಸಿನ ಧೂಳಿಗೆ ಸೀನುವ ರಾಕ್ಷಸರು,
ಸಹಿಯ ಸಾಲಲ್ಲಿ ಜಗಳಕ್ಕೆ ನಿಂತ ಅನ್ಯಗ್ರಹದವನು:
"ಐದು ಗಂಟೆಗೆ ಎದ್ದು ಸಾಗರದಿಂದ ಬಂದೀನಿ!"
ಮೂರು ತಲೆಯ ಮಾಂತ್ರಿಕನ ಎರಡು ತಲೆ
ಅವನ ಹೆಂಡತಿಯ ಬ್ಯಾಗಿನಲ್ಲಿದ್ದವು.

ಕ್ಯಾಮೆರಾ ಕಂಡದ್ದೇ ಎಲ್ಲರೂ ಒಂದೇ ಥರ:
ಮುಷ್ಟಿ ಮೇಲೆ, ಗದ್ದ ಓರೆ, ಹೊಟ್ಟೆ ಒಳಗೆ.
ತೆಗೆದೆ. ತೆಗೀಬೇಕಲ್ಲ.
ಬೆರಳು ಕಾಯುತ್ತಿದ್ದದ್ದು ಆಮೇಲಿನದಕ್ಕೆ:
ಮುಖವಾಡ ಹಣೆಗೇರಿಸಿ ಮಂಡಕ್ಕಿ ಮುಕ್ಕುವ ಯಮಕಿಂಕರ,
ಬಾಯಲ್ಲೊಂದು ಪಿನ್ನು ಕಚ್ಚಿ ತಮ್ಮನ ಹೆಗಲಿಗೆ
ಮೋಡದ ಬಟ್ಟೆ ಸಿಕ್ಕಿಸುವ ಅಕ್ಕ.
"ಅದನ್ನ ಅಳಿಸಿ ಸಾರ್," ಅಂದ ಯಮಕಿಂಕರ.
ಆಯ್ತು ಅಂದೆ. ಅಳಿಸಲಿಲ್ಲ.

ಕಬ್ಬಿಣದ ಕೊಕ್ಕರೆ ಕಂಡದ್ದು ಎರಡು ಗಂಟೆಗೆ.
ನಿಮಗೆ ಗೊತ್ತಿರಲಿಕ್ಕಿಲ್ಲ. ಎರಡೇ ಬಣ್ಣದ ಅಗ್ಗದ ಪುಸ್ತಕ,
ವಿನೋಬನಗರದ ಬಾಡಿಗೆ ಲೈಬ್ರರಿ, ದಿನಕ್ಕೆ ನಾಲ್ಕಾಣೆ.
ಕೆಂಪು ಯಾವಾಗಲೂ ಗೆರೆಯಿಂದ ಒಂದು ನೂಲು ಸರಿದು
ತುಟಿ ಒಂದು ಕಡೆ, ತುಟಿಯ ಬಣ್ಣ ಇನ್ನೊಂದು ಕಡೆ.
ಮೂವತ್ತೊಂದನೇ ಸಂಚಿಕೆಯ ಕೊನೆಯ ಹಾಳೆ
ಯಾರೋ ಹರಿದಿದ್ದರು.
ಸೇತುವೆ ಮುರಿದಿದೆ, ರೈಲು ಬರುತ್ತಿದೆ,
ಕೊಕ್ಕರೆಯ ಬಲರೆಕ್ಕೆ ಕಳಚಿ ನೀರಿಗೆ ಬಿದ್ದಿದೆ.
ಅಲ್ಲೇ ನಿಂತಿದೆ ನನ್ನ ಒಂಬತ್ತನೇ ವಯಸ್ಸು.

ಈಗ ಎದುರಿಗೆ: ಕೊಡೆಯ ಕಡ್ಡಿ, ಎಣ್ಣೆ ಡಬ್ಬದ ತಗಡು,
ಎಡಗಡೆಗೆ ಒಂದೇ ರೆಕ್ಕೆ.
ಭದ್ರಾವತಿ ಪೇಪರ್‌ಟೌನಿನ ಕಲೈಸೆಲ್ವಿ,
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ನೇರ ಬಂದವಳು.
"ಒಂದೇ ರೆಕ್ಕೆ. ಅಂದ್ರೆ ನೀವು ಮೂವತ್ತೊಂದು..."
"ಹೂಂ. ಕೊನೇ ಹಾಳೆ ನನ್ನ ಹತ್ರ ಇದೆ."
ಬೇಸಿಗೆ ರಜ, ವಿನೋಬನಗರದ ಚಿಕ್ಕಮ್ಮನ ಮನೆ,
ಲೈಬ್ರರಿಯವನು ಚಹಾಕ್ಕೆ ಹೋದ ಹೊತ್ತು.
"ಗೋಡೆಗೆ ಅಂಟಿಸ್ಬೇಕಿತ್ತು ಕಣ್ರಿ.
ಹಿಂದ್ಗಡೆ ಇನ್ನೊಬ್ರು ಓದೋರು ಇರ್ತಾರೆ ಅಂತ
ಹೊಳೀಲೇ ಇಲ್ಲ."

ಬಯ್ಯಬೇಕೆನ್ನಿಸಿತು. ಮೂವತ್ತಾರು ವರ್ಷದ ಬೈಗುಳ
ಎಲ್ಲಿಟ್ಟಿದ್ದೆನೋ ಸಿಗಲಿಲ್ಲ.
"ರೈಲು ಏನಾಯ್ತು?" ಅಂದೆ.
"ರೈಲು ತೋರ್ಸೇ ಇಲ್ಲ.
ಕೊಕ್ಕರೆ ಹೊಳೆ ದಂಡೇಲಿ ಕೂತು ಕಾಲು ತೊಳ್ಕೊಳ್ತದೆ.
ದೂರದಲ್ಲಿ ಒಂಚೂರು ಹೊಗೆ.
ಮುಂದಿನ ಸಂಚಿಕೆ ನಿರೀಕ್ಷಿಸಿ. ಅಷ್ಟೆ."
ಮುಂದಿನದು ಬರಲಿಲ್ಲ, ಇಬ್ಬರಿಗೂ ಗೊತ್ತಿತ್ತು.
ಅವಳನ್ನು ಯಾರೋ ಸೆಲ್ಫಿಗೆ ಎಳೆದುಕೊಂಡು ಹೋದರು.

ಸಂಜೆ, ಕ್ರೀಡಾಂಗಣದ ಹಿಂದೆ, ಕೈತೊಳೆಯುವ ನಲ್ಲಿಗಳ ಸಾಲು.
ರೆಕ್ಕೆ ಗೋಡೆಗೆ ಒರಗಿಸಿ
ರೆಕ್ಸಿನ್ನಿನ ಬೂಟು ಕಳಚಿ ಕೂತಿದ್ದಳು,
ಹಿಮ್ಮಡಿಯಲ್ಲಿ ಹುಣಸೆಬೀಜದಷ್ಟು ಬೊಬ್ಬೆ.
ಕ್ಯಾಮೆರಾ ಎತ್ತಿದೆ. ನೋಡಿದವಳೇ ಮುಷ್ಟಿ ಬಿಗಿದಳು.
"ಬೇಡ," ಅಂದೆ, "ಕಾಲು ತೊಳೀರಿ."
ಒಂದು ಗಳಿಗೆ ತಡೆದು, ನಕ್ಕು, ನಲ್ಲಿ ತಿರುಗಿಸಿದಳು.

ಬೋಂಡದಂಗಡಿಯವನು ಆಚೆ ಒಲೆ ಊದುತ್ತಿದ್ದ.
ಐದು ಪಟ ತೆಗೆದೆ.
ದುರ್ಗಿಗುಡಿಯ ಸ್ಟುಡಿಯೊದಲ್ಲಿ ರಾತ್ರಿ ತೆರೆದು ನೋಡಿದರೆ
ಐದರಲ್ಲೂ ಫೋಕಸ್ಸು ನಲ್ಲಿಯ ಮೇಲಿತ್ತು.