ಷರಾ

ಅರ್ಜಿ ಬಂದದ್ದು ಟಪಾಲಿನಲ್ಲಲ್ಲ, ಕೈಯಲ್ಲಿ.
ಜೊತೆಗೊಂದು ಪ್ಲಾಸ್ಟಿಕ್ ಡಬ್ಬಿ, ಊಟದ್ದಿರಬೇಕೆಂದುಕೊಂಡೆ.
ಮುಚ್ಚಳಕ್ಕೆ ತೂತು, ತೂತಿನಿಂದ ಎರಡು ತಂತಿ,
ತಂತಿಯ ತುದಿಗೆ ಬೆರಳಗಲದ ಹಸಿರು ಪಟ್ಟಿ.
'ಇದು ಎಲೆ ಸಾರ್' ಅಂದಳು ಜಬೀನ್ ತಾಜ್,
ಪೆನ್ಷನ್ ಮೊಹಲ್ಲಾದ ವೆಲ್ಡಿಂಗ್ ಖಲಂದರ್ ಸಾಬರ ಮಗಳು,
ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಎರಡನೇ ದರ್ಜೆ.
'ಆಲೂಗಡ್ಡೆ ಎಲೆ ಒದ್ದೆಯಾದಾಗ ಇದೂ ಒದ್ದೆಯಾಗುತ್ತೆ,
ಎಷ್ಟು ಹೊತ್ತು ಅಂತ ಲೆಕ್ಕ ಇಡುತ್ತೆ.
ಹತ್ತು ಗಂಟೆ ದಾಟಿದರೆ ಫೋನು ಕೂಗುತ್ತೆ,
ಅಂಗಮಾರಿ ಬರ್ತಾ ಇದೆ, ಇವತ್ತೇ ಔಷಧಿ ಹೊಡೀರಿ ಅಂತ.'

ನಾನು ಹಾಸನದ ಕೈಗಾರಿಕಾ ಕೇಂದ್ರದಲ್ಲಿ ಪ್ರಥಮ ದರ್ಜೆ ಸಹಾಯಕ.
ಇಪ್ಪತ್ತಾರು ವರ್ಷ ಮುಂದೆ ಕಳಿಸಿದ್ದು
ಹಿಟ್ಟಿನ ಗಿರಣಿ, ಇಟ್ಟಿಗೆ ಗೂಡು, ಕಾಯಿ ಸುಲಿಯುವ ಯಂತ್ರ,
ಒಂದು ಸಲ ಊದುಬತ್ತಿ.
ಎಲೆಯ ಕಡತ ಇದೇ ಮೊದಲು.

ಆರನೇ ಕಲಂ: ನಾವೀನ್ಯತೆಯ ವಿವರ.
ಬಿಟ್ಟ ಜಾಗ ನನ್ನ ಹೆಬ್ಬೆರಳಿನಷ್ಟು.
ಅವಳು ಬರೆದಿದ್ದಳು: ದುದ್ದದ ರೈತರು ರಾತ್ರಿ ಎದ್ದು
ಬ್ಯಾಟರಿ ಹಿಡಿದು ಎಲೆ ಮುಟ್ಟಿ ನೋಡುತ್ತಾರೆ.
ಇನ್ನು ಮುಟ್ಟಬೇಕಾಗಿಲ್ಲ.
ಮೇಲಿನವರು ಕೆಂಪು ಶಾಯಿಯಲ್ಲಿ, 'ತಾಂತ್ರಿಕ ಭಾಷೆಯಲ್ಲಿ ಬರೆಸಿ.'
ಬರೆಸಿದೆ. ನನಗೇ ಅರ್ಥವಾಗದಂತಾದ ಮೇಲೆ
ಮಂಜೂರಾಯಿತು.

ಏಳನೇ ಕಲಂ: ದೇಶದ ಆರ್ಥಿಕ ಬೆಳವಣಿಗೆಗೆ ಕೊಡುಗೆ.
ಖಾಲಿ ಬಿಟ್ಟಿದ್ದಳು. ಯಾಕಮ್ಮ ಅಂದರೆ
'ದೇಶ ಎಷ್ಟು ಎಕರೆ ಸಾರ್?' ಅಂತ ನನ್ನನ್ನೇ ಕೇಳಿದಳು.
ಗೇಲಿಯೋ ಲೆಕ್ಕವೋ ಇವತ್ತಿಗೂ ತಿಳಿಯದು.

ಹಣ ಇಳಿದದ್ದು ಮಾರ್ಚ್ ಮೂವತ್ತೊಂದರ ರಾತ್ರಿ.
ಯಂತ್ರೋಪಕರಣಕ್ಕೆ ಮಾತ್ರ.
ಬಸ್ ಚಾರ್ಜಿಗಿಲ್ಲ, ಸುಟ್ಟುಹೋದ ಹದಿನಾಲ್ಕು ಡಬ್ಬಿಗಿಲ್ಲ.
ಮೇ ತಿಂಗಳು ಜಲಂಧರಿನ ಲಾರಿಗಳಲ್ಲಿ ಬಿತ್ತನೆ ಗಡ್ಡೆ ಬಂತು,
ದುದ್ದ, ಕಟ್ಟಾಯದ ಹೊಲಗಳಲ್ಲಿ
ನಲವತ್ತು ಗೂಟ, ನಲವತ್ತು ಎಲೆ.

ಆಗಸ್ಟಿನಲ್ಲಿ ಡಬ್ಬಿಗಳೊಳಗೆ ಇರುವೆ ಗೂಡು ಕಟ್ಟಿತು.
ಒಣಗಿದ ರಾತ್ರಿ ಫೋನು ಕೂಗಿತು, ಸೋನೆ ಹಿಡಿದಾಗ ಸುಮ್ಮನಿತ್ತು.
ಚನ್ನಂಗಿಗೌಡ ಒಂದನ್ನು ಕಿತ್ತು ತಂದು
ನನ್ನ ಮೇಜಿನ ಮೇಲೆ ಕುಕ್ಕಿದ:
'ನಿಮ್ ಗೌರ್ಮೆಂಟ್ ಎಲೆ ಸ್ವಾಮಿ ಇದು. ಸುಳ್ ಹೇಳ್ತದೆ.'

ಅವತ್ತು ಸಂಜೆ ಸಾಲಗಾಮೆ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ
ಉಪಗ್ರಹದ ಕೇಂದ್ರದ ಬಿಳಿ ತಟ್ಟೆಗಳನ್ನು ನೋಡಿದೆ.
ಮೂವತ್ತಾರು ಸಾವಿರ ಕಿಲೋಮೀಟರ್ ಆಚೆಯ
ಪಿಸುಮಾತು ಕೇಳಿಸಿಕೊಳ್ಳುವ ಕಿವಿಗಳು.
ಅವಕ್ಕೂ ಒಂದು ಕಡತ ಇದ್ದಿರಬೇಕು,
ಯಾರೋ ಗುಮಾಸ್ತ, ಸೋತ ವರ್ಷಗಳನ್ನು
ಯಾವ ಕಲಮ್ಮಿಗೆ ಹಾಕಲಿ ಎಂದು ಪೆನ್ನು ಕಚ್ಚಿರಬೇಕು.

ವಸೂಲಾತಿ ನೋಟೀಸಿನ ಕರಡು ಬಂತು, ಸಹಿಗೆ ಮಂಡಿಸಲು.
ಕಡತದ ಮೇಲೆ ಕೂರುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ.
ಗಿರಣಿಯವರನ್ನು ಅಲೆಸಿದ್ದೇನೆ, ಇಟ್ಟಿಗೆಯವರನ್ನು ಅಳಿಸಿದ್ದೇನೆ.
ಈ ಸಲ ಅದೇ ವಿದ್ಯೆಯಿಂದ
ಊದುಬತ್ತಿಯ ಹಳೇ ಕಡತದಡಿ
ನೋಟೀಸನ್ನು ಮಲಗಿಸಿದೆ. ಹನ್ನೊಂದು ತಿಂಗಳು.
ಮಂಜೂರಾತಿಯಲ್ಲಿ ಕಾಣದ ಕಂತು ಅದು.

ಅಷ್ಟರಲ್ಲಿ ಅವಳು ಮೇಣದಬತ್ತಿ ಕರಗಿಸಿ
ಡಬ್ಬಿಗಳ ಅಂಚು ಮುಚ್ಚಿದ್ದಳು.
ತೂತಿಗೆ ಹಳೇ ಸೈಕಲ್ ಟ್ಯೂಬಿನ ತುಂಡು.
ಗೂಟಕ್ಕೆ ಬೂದಿ, ಅದು ಚನ್ನಂಗಿಗೌಡನ ಹೆಂಡತಿಯ ಸಲಹೆ.
ಎರಡನೇ ಮಳೆಗಾಲ ಫೋನು ನಾಲ್ಕು ಸಲ ಕೂಗಿತು,
ಮೂರು ಸಲ ನಿಜ.

ಬಳಕೆ ಪ್ರಮಾಣಪತ್ರ ತಂದಳು.
ಸೃಷ್ಟಿಯಾದ ಉದ್ಯೋಗ: ಒಂದು, ಅದೂ ಅರ್ಧ ದಿನ.
ಫಲಾನುಭವಿಗಳು: ರಾತ್ರಿ ಪೂರ್ತಿ ನಿದ್ದೆ ಮಾಡಿದವರು, ಹನ್ನೊಂದು ಮನೆ.
ಈ ಸಲ ತಾಂತ್ರಿಕ ಭಾಷೆಗೆ ತಿದ್ದಿಸಲಿಲ್ಲ.
ಷರಾ ಕಲಮ್ಮಿನಲ್ಲಿ, ನೀಲಿ ಶಾಯಿಯಲ್ಲಿ, ನನ್ನ ಕೈಬರಹ:
'ವಿಳಂಬಕ್ಕೆ ಈ ಶಾಖೆಯೇ ಹೊಣೆ.
ಇರುವೆಗಳ ಖರ್ಚನ್ನು ಮನ್ನಾ ಮಾಡಬಹುದು.'

ಆಡಿಟ್‌ನವರು ಇನ್ನೂ ಬಂದಿಲ್ಲ.